ಹಂಚಿನ ಜೊತೆ ಒಣಗಿದ ಬಟ್ಟೆ

"ಗೋಡೌನ್‌ನಲ್ಲಿ ಯಾರಾದರೂ ಎಂಗೇಜ್‌ಮೆಂಟ್ ಮಾಡ್ತಾರಾ ಮಾರಾಯ್ತಿ?"

ದುಬೈಯಿಂದ ಅಣ್ಣನ ಫೋನು. ಅವನ ಮಗಳು ತನ್ನ ಎಂಗೇಜ್‌ಮೆಂಟಿಗೆ ಆರಿಸಿದ್ದು ನದಿ ಬದಿಯ ಹಳೇ ಹಂಚಿನ ಕಾರ್ಖಾನೆಯನ್ನು. ಹಂಚು ಸುಡುವುದು ನಿಂತು ಕಾಲವಾಯಿತು, ಈಗ ಫಂಕ್ಷನ್‌ಗಳಿಗೆ ಬಾಡಿಗೆಗೆ ಕೊಡುತ್ತಾರೆ. ಅಣ್ಣನಿಗೋ ಪಂಪ್‌ವೆಲ್ ಸರ್ಕಲ್ ಹತ್ತಿರದ ಎಸಿ ಹಾಲೇ ಆಗಬೇಕು.

(ಅವನ ಸಂಕಟ ಎಸಿಯದ್ದಲ್ಲ. ಅಮ್ಮ ಅದೇ ಕಾರ್ಖಾನೆಯಲ್ಲಿ ಹಸಿ ಹಂಚು ಹೊತ್ತವಳು. ಗಂಡಿನ ಕಡೆಯವರಿಗೆ ಅದು ಗೊತ್ತಾಗುವುದು ಅವನಿಗೆ ಬೇಡ.)

ಕೊನೆಗೆ ಮಗಳ ಹಟವೇ ಗೆದ್ದಿತು.

ಆ ಚಿಮಣಿಯನ್ನು ನಾನು ಬಸ್ಸಿನಿಂದ ದಿನಾ ನೋಡುತ್ತೇನೆ. ಒಳಗೆ ಹೋದದ್ದು ಕಳೆದ ಭಾನುವಾರ, ಎಂಗೇಜ್‌ಮೆಂಟಿನ ದಿನವೇ ಮೊದಲು. ಎಂಥ ಕಟ್ಟಡ! ಕೆಂಪು ಮುರಕಲ್ಲಿನ ದಪ್ಪ ಗೋಡೆ, ಕಮಾನಿನ ಬಾಗಿಲುಗಳು, ಗಾಜಿನ ಹಂಚಿನಿಂದ ನೆಲಕ್ಕಿಳಿದ ಬಿಸಿಲು. ಹೊರಗೆ ಸೆಕೆಯಲ್ಲಿ ಬೇಯುತ್ತಿದ್ದ ನಮಗೆ ಒಳಗೆ ಫ್ಯಾನಿನ ನೆನಪೂ ಆಗಲಿಲ್ಲ.

ಅಮ್ಮ ಯಾರನ್ನೂ ಕಾಯದೆ ನೇರ ಹಳೇ ಭಟ್ಟಿಯ ಹತ್ತಿರ ಹೋದಳು. ಹುಡುಗನ ತಾಯಿ ಹಿಂದೆಯೇ ಬಂದು, ಇಲ್ಲಿಗೆ ಮೊದಲು ಬಂದದ್ದುಂಟಾ ಎಂದು ಕೇಳಿದರು. ಅಣ್ಣ ನಡುವೆ ಬಾಯಿ ಹಾಕಿ, ಜ್ಯೂಸ್ ಕುಡಿಯಲು ಕರೆದ. ಅಮ್ಮ ಕೇಳಬೇಕಲ್ಲ?

"ಇಲ್ಲಿಯೇ ಕೆಲಸ ಮಾಡಿದ್ದು ನಾನು. ಇವನು ಹುಟ್ಟಿದ್ದು ಆಟಿ ತಿಂಗಳ ಜಡಿಮಳೆಯಲ್ಲಿ. ಮನೆಯಲ್ಲಿ ಒಂದು ತುಂಡು ಬಟ್ಟೆ ಒಣಗುವುದಿಲ್ಲ. ನನ್ನ ಜೊತೆಯ ಹೆಂಗಸರು ಇವನ ಬಟ್ಟೆ ತಂದು, ಈ ಭಟ್ಟಿಯ ಮೇಲಿನ ಅಟ್ಟದಲ್ಲಿ ಒಣಗಲಿಟ್ಟ ಹಸಿ ಹಂಚಿನ ಬದಿಗೆ ಹರಡ್ತಿದ್ರು. ಸಂಜೆ ಬಿಸಿ ಬಿಸಿ ಬಟ್ಟೆ ಮನೆಗೆ ಬರ್ತಿತ್ತು."

ಅಣ್ಣ ನೆಲ ನೋಡುತ್ತ ನಿಂತ. ಹುಡುಗನ ತಾಯಿ ನಕ್ಕುಬಿಟ್ಟರು. ತಮ್ಮ ಮಕ್ಕಳ ಬಟ್ಟೆಯೆಲ್ಲ ಒಲೆಯ ಮೇಲೆ ಒಣಗಿ ಹೊಗೆ ನಾರುತ್ತಿತ್ತಂತೆ, ನೀವೇ ಪುಣ್ಯವಂತರು ಎಂದರು. ಆ ಅಟ್ಟ ತೋರಿಸಿ ಎಂದು ಅಮ್ಮನ ಕೈಹಿಡಿದು ಕರೆದುಕೊಂಡೇ ಹೋದರು.

ಅಣ್ಣ ಭಟ್ಟಿಯ ಗೋಡೆಯ ಮೇಲೆ ಅಂಗೈ ಇಟ್ಟ. ತುಂಬಾ ಹೊತ್ತು ತೆಗೆಯಲಿಲ್ಲ. ಆಮೇಲೆ ಫೋಟೋಗ್ರಾಫರನನ್ನು ಕರೆದು, ಸ್ಟೇಜ್ ಬಿಡಿ, ಅಮ್ಮನ ಜೊತೆ ಇಲ್ಲೊಂದು ಫೋಟೋ ತೆಗೆಯಿರಿ ಎಂದ.

(ನಾನು ಹುಟ್ಟಿದ್ದು ಬೇಸಿಗೆಯಲ್ಲಿ. ಅಣ್ಣನ ಮೇಲೆ ಹೊಟ್ಟೆಕಿಚ್ಚಾಯಿತು.)

ನಮ್ಮ ಊರಿನಲ್ಲಿ ಇಂಥ ಗೋಡೆಗಳು ಇನ್ನೂ ಕೆಲವು ಉಳಿದಿವೆ. ಉಳಿಸಿದವರಿಗೆ ಕೈಮುಗಿಯುತ್ತೇನೆ. ಎಷ್ಟು ಮಕ್ಕಳ ಮೈಯನ್ನು ಅವು ಬೆಚ್ಚಗಿಟ್ಟಿವೆಯೋ!

ಅವನ್ನು ಗೋಡೌನ್ ಅನ್ನಲು ನಮಗೆ ಬಾಯಾದರೂ ಹೇಗೆ ಬರುತ್ತದೆ?