ಮೂಲ ಗೊತ್ತುಂಟಾ?

ದೂರದ ಚಳಿದೇಶದ ಟ್ರೋಲ್‌ಹೆಟ್ಟನ್ ಊರಿನಲ್ಲಿ ನನಗೆ ಕಾರು ಕಲಿಸಿದ ಪಕ್ಕದ ಮನೆಯ ಮಂಗಳೂರಿನವರು ಕೌಬಾಯ್ ಟೋಪಿಯಿಲ್ಲದೆ ಕಾರು ಹತ್ತುತ್ತಿರಲಿಲ್ಲ. ದಾರಿಯುದ್ದಕ್ಕೂ ಕೌಬಾಯ್‌ಗಳ ಹಳೆಯ ಮಾತುಗಳೇ. "ಮೂಲ ಗೊತ್ತುಂಟಾ?" ಎಂದು ಟೋಪಿ ಹಿಂದಕ್ಕೆ ತಳ್ಳುವರು. "ಬೈಟ್ ದ ಡಸ್ಟ್ ಅಂದ್ರೆ ನಮ್ಮ ಮಣ್ಣು ಮುಕ್ಕುವುದೇ. ಕುದುರೆಯಿಂದ ಬಿದ್ದವನ ಬಾಯಿಗೆ ಧೂಳು ಹೋಗ್ತದಲ್ಲ ಮಾರಾಯ!"

ಒಂದು ದಿನ ಕಾಡಿನ ರಸ್ತೆಯಲ್ಲಿ ಅವರು "ಹೋಲ್ಡ್ ಯುವರ್ ಹಾರ್ಸಸ್!" ಎಂದು ಕೂಗಿದರು. ಮತ್ತೊಂದು ಮಾತಿನ ಪಾಠ ಶುರುವಾಯಿತೆಂದುಕೊಂಡು ನಾನು ಅವರತ್ತ ತಿರುಗಿ, "ಇದರ ಮೂಲ ಏನಣ್ಣ?" ಎಂದೆ.

"ಕುದುರೆ ನಿಲ್ಲಿಸು ಅಂತ ಮಾರಾಯ!" ಎಂದು ಅವರೇ ಹ್ಯಾಂಡ್‌ಬ್ರೇಕ್ ಎಳೆದರು. ಕುದುರೆಗಿಂತ ಎತ್ತರದ ಎಲ್ಕ್ ಜಿಂಕೆಯೊಂದು ಬಾನೆಟ್ಟನ್ನು ಮೂಸಿ ನೋಡಿ, ನಿಧಾನವಾಗಿ ರಸ್ತೆ ದಾಟಿತು.

ಅಂದಿನಿಂದ ಕಾರಿನಲ್ಲಿ ಅವರದು ಒಂದೇ ಮಾತು: "ಬ್ರೇಕ್." ಅದರ ಮೂಲವನ್ನು ನಾನು ಕೇಳಲಿಲ್ಲ.