ಯಲ್ಲಾಪುರದಿಂದ ತಂದ ಕಾಲು

ಶುಕ್ರವಾರ ಬೆಳಿಗ್ಗೆ ಶಿರಸಿ ಬಸ್ ನಿಲ್ದಾಣಕ್ಕೆ ನಾನು ತಲುಪಿದಾಗ ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಹೇರೂರಿನ ಕಡೆಯ ಬಸ್ಸು ಬಂತು. ಸಾವಿತ್ರಿ ಊರುಗೋಲು ಊರಿಕೊಂಡು ಎಲ್ಲರಿಗಿಂತ ಕೊನೆಗೆ ಇಳಿದಳು. ನಾನು ಹೇರೂರಿನ ಶಾಲೆಯಲ್ಲಿ ಮುಖ್ಯಾಧ್ಯಾಪಕಿಯಾಗಿದ್ದಾಗಿನಿಂದ ಅವಳು ಅಲ್ಲಿ ಬಿಸಿಯೂಟದ ಅಡುಗೆಯವಳು. ಹೋದ ವರ್ಷ ಲಾರಿಯ ಚಕ್ರಕ್ಕೆ ಸಿಕ್ಕು ಅವಳ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಆ ಶಸ್ತ್ರಚಿಕಿತ್ಸೆ ಸರ್ಕಾರದ ಆರೋಗ್ಯ ವಿಮೆಯಲ್ಲೇ ಆಗಿತ್ತು. ಕೃತಕ ಕಾಲಿಗೂ ಅದೇ ಕಾರ್ಡಿನಲ್ಲಿ ಮಂಜೂರಾತಿ ಬಂದಿತ್ತು. ಅಳತೆ ಮೊದಲೇ ಕೊಟ್ಟಾಗಿತ್ತು. ಈ ದಿನ ಯಲ್ಲಾಪುರದ ಶಿಬಿರದಲ್ಲಿ ಜೋಡಿಸಿ ಕೊಡುತ್ತಾರೆ ಎಂದು ಫೋನ್ ಬಂದಿತ್ತು.

ಅವಳ ಬಲಗಾಲಿನಲ್ಲಿ ಹಿಮ್ಮಡಿ ಎತ್ತರದ ಹೊಸ ಚಪ್ಪಲಿ. ಅದರ ಜೊತೆಯದು ಕೈಚೀಲದಲ್ಲಿ.

"ದಿನಾ ಹಾಕುವ ಚಪ್ಪಲಿ ತನ್ನಿ ಅಂತ ಶಿಬಿರದವರು ಅಂದಿದ್ರಲ್ಲ?" ಎಂದೆ.

"ದಿನಾ ಹಾಕುದು ಹರಿದ ರಬ್ಬರ್ ಚಪ್ಪಲಿ ಅಕ್ಕೋರೆ. ಅದನ್ನ ಹಾಕ್ಕಂಡು ಡಾಕ್ಟ್ರ ಎದುರಿಗೆ ನಿಂತ್ರೆ ಮರ್ಯಾದೆ ಉಳೀತದಾ?"

ಪೇಟೆಗೆ ಹೋಗುವಾಗ ಇದ್ದುದರಲ್ಲಿ ಒಳ್ಳೆಯದನ್ನು ಹಾಕಿಕೊಳ್ಳುವುದು ನಮ್ಮ ಕಡೆಯ ಪದ್ಧತಿ. ನನಗೂ ಅವಳ ಮಾತು ಸರಿಯೆಂದೇ ತೋರಿತು.

ಯಲ್ಲಾಪುರಕ್ಕೆ ಸುಮಾರು ಐವತ್ತು ಕಿಲೋಮೀಟರ್. ಹೆಂಗಸರಿಬ್ಬರಾದ್ದರಿಂದ ಕಂಡಕ್ಟರ್ ಸೊನ್ನೆ ರೂಪಾಯಿಯ ಎರಡು ಚೀಟಿ ಹರಿದುಕೊಟ್ಟ. ಸೋಂದಾ ಕ್ರಾಸ್ ದಾಟಿದ ಮೇಲೆ ಬಿಸಿಲು ಬಂತು. ಮಂಚಿಕೇರಿಯಲ್ಲಿ ಬಸ್ಸು ನಿಂತಾಗ ನಾನು ಕಟ್ಟಿ ತಂದಿದ್ದ ಅವಲಕ್ಕಿಯನ್ನು ಇಬ್ಬರೂ ತಿಂದೆವು. ಸಾವಿತ್ರಿ ಹೆಚ್ಚು ತಿನ್ನಲಿಲ್ಲ. ಈ ತಿಂಗಳ ಒಳಗೆ ಕೆಲಸಕ್ಕೆ ಬರಲಾಗದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಶಾಲೆಯವರು ಹೇಳಿದ್ದರು. ಅವಳ ತಲೆಯಲ್ಲಿ ಅದೊಂದೇ.

ಶಿಬಿರ ನಡೆದದ್ದು ಒಂದು ಸಭಾಭವನದಲ್ಲಿ. ಸಾಲು ಕ್ರಮವಾಗಿತ್ತು, ಕುಡಿಯುವ ನೀರಿತ್ತು, ನನಗೆ ಸಮಾಧಾನವಾಯಿತು. ನಮ್ಮ ಮುಂದೆ ಸೊಂಟದ ಪಟ್ಟಿ ಬದಲಿಸಲು ಬಂದ ಮುದುಕರೊಬ್ಬರಿದ್ದರು. ಪಟ್ಟಿ ಸರಿಯಾಗಿ ಕಟ್ಟುತ್ತೀರಾ ಎಂದು ಅಲ್ಲಿದ್ದ ತಂತ್ರಜ್ಞ ಕೇಳಿದ್ದಕ್ಕೆ, "ಕಟ್ತೆ ಮಾರಾಯ. ಊಟದ ಹೊತ್ತಿಗೆ ಮಾತ್ರ ಬಿಚ್ತೆ. ಹೊಟ್ಟೆಗೆ ಜಾಗ ಬೇಡ್ದಾ?" ಎಂದರು.

"ಊಟ ಎಷ್ಟು ಸಲ ಮಾಡ್ತೀರ್ರಿ?"

"ಅದನ್ನ ಎಲ್ಲಾ ವಿಮೆಯವ್ಕೆ ಹೇಳವಾ?"

ಈ ತಂತ್ರಜ್ಞ ಹುಬ್ಬಳ್ಳಿ ಕಡೆಯವನು, ಕಾಲು ಜೋಡಿಸುವವನೂ ಅವನೇ. ಸಾವಿತ್ರಿಗೆ ಕಾಲು ತೊಡಿಸಿ, ಅದಕ್ಕೂ ಹೊಸ ಚಪ್ಪಲಿ ಹಾಕಿ, ಎರಡು ಸರಳುಗಳ ನಡುವೆ ನಿಲ್ಲಿಸಿದ. "ನೆಟ್ಟಗ ನಿಂದರ್ರಿ. ನೆಲಾ ನೋಡಬ್ಯಾಡ್ರಿ, ನನ್ನ ನೋಡ್ರಿ." ಸ್ಕ್ರೂಗಳನ್ನು ಬಿಗಿದು ಸಡಿಲಿಸಿ ಮತ್ತೆ ನಡೆಸಿದ. ಮಧ್ಯಾಹ್ನದ ಹೊತ್ತಿಗೆ ಅವಳು ಸರಳು ಹಿಡಿಯದೆ ಗೋಡೆಯವರೆಗೆ ಹೋಗಿ ಬಂದಳು. ಇನ್ನು ಉಳಿದದ್ದು, ಕಾಲು ಸರಿಹೊಂದಿದೆ ಎಂದು ಸಹಿ ಮಾಡುವುದು. ಸಹಿಯಾದರೆ ವಿಮೆಯ ಕೆಲಸ ಮುಗಿಯಿತು. ಈ ಕಾಲಿಗೆ ಹಣ ಹೋದ ಮೇಲೆ ಇನ್ನೊಂದಕ್ಕೆ ಕೆಲವು ವರ್ಷ ಕಾಯಬೇಕು ಎಂದು ವಿಮೆ ಮೇಜಿನ ಹುಡುಗಿ ವಿವರಿಸಿದಳು. ಅಷ್ಟರಲ್ಲಿ ಊಟದ ವಿರಾಮವಾಯಿತು. ಸಹಿ ಆಮೇಲೆ ಎಂದಳು.

ಹತ್ತಿರದಲ್ಲೇ ಒಬ್ಬ ಹೆಂಗಸು ತನ್ನ ಮನೆಯಲ್ಲೇ ನಡೆಸುವ ಖಾನಾವಳಿಗೆ ಹೋದೆವು. ಸಾವಿತ್ರಿ ಊರುಗೋಲನ್ನು ನನ್ನ ಕೈಗೆ ಕೊಟ್ಟು ತಾನೇ ನಡೆದು ಬಂದಳು. ಬಾಗಿಲಲ್ಲಿ ಇಬ್ಬರೂ ಚಪ್ಪಲಿ ಬಿಟ್ಟೆವು. ಒಳಗೆ ಹೆಜ್ಜೆ ಇಟ್ಟಿದ್ದೇ ತಡ, ಅವಳು ಹಿಂದಕ್ಕೆ ವಾಲಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

"ಎಂತ ಆತೇ ತಂಗಿ? ನೆಲ ಜಾರ್ತಾ?" ಎಂದು ಒಡತಿ ಓಡಿ ಬಂದರು.

"ನೆಲ ಅಲ್ಲ. ಯಾರೋ ಹಿಂದಿನಿಂದ ಸೆರಗು ಎಳೆದ ಹಂಗೆ ಆಗ್ತದೆ."

ಚಪ್ಪಲಿ ಹಾಕಿದರೆ ನೆಟ್ಟಗೆ ನಿಲ್ಲುತ್ತಿದ್ದಳು, ಬಿಟ್ಟರೆ ವಾಲುತ್ತಿದ್ದಳು. ಕಾರಣ ತಿಳಿಯಲು ಹೊತ್ತು ಬೇಕಾಗಲಿಲ್ಲ: ಎತ್ತರದ ಹಿಮ್ಮಡಿಗೆ ಸರಿಮಾಡಿದ ಪಾದ ಬರಿ ನೆಲದ ಮೇಲೆ ಹಿಂದಕ್ಕೆ ತಗ್ಗುತ್ತಿತ್ತು. ಶಾಲೆಯ ಅಡುಗೆಮನೆಯೊಳಗೆ ಚಪ್ಪಲಿ ಹಾಕುವವರು ಯಾರೂ ಇಲ್ಲ. ಕುದಿಯುವ ಸಾರಿನ ಪಾತ್ರೆಯ ಮುಂದೆ ಹೀಗೆ ವಾಲಿದರೆ? ಸಾವಿತ್ರಿ ಅನ್ನವನ್ನು ಬೆರಳಿನಿಂದ ಕೆದಕುತ್ತಾ ಕೂತಳು. "ಸುಮ್ನೆ ಸಹಿ ಮಾಡಿಬಿಡ್ಲಾ ಅಕ್ಕೋರೆ? ಆಗುದಿಲ್ಲ ಅಂದ್ರೆ ಇದನ್ನೂ ವಾಪಸ್ ಇಟ್ಕಂಡ್ರೆ?"

"ಮೊದಲು ಊಟ ಮುಗಿಸು. ಆಮೇಲೆ ಅವನ ಮುಂದೆ ಬರಿಗಾಲಲ್ಲಿ ನಡಿ. ಸಹಿ ಅದಾದ ಮೇಲೆ."

ತಂತ್ರಜ್ಞ ಅವಳು ಬರಿಗಾಲಲ್ಲಿ ನಡೆದದ್ದನ್ನು ನೋಡಿ ತಲೆ ಕೆರೆದುಕೊಂಡ. "ಅಲ್ರೀ ಅಮ್ಮಾರ, ದಿನಾ ಹಾಕೂ ಚಪ್ಪಲ್ ತರ್ರಿ ಅಂದ್ರ ಮದುವಿ ಚಪ್ಪಲ್ ತಂದೀರಲ್ಲ?"

"ಸರ್ಕಾರ ಹೊಸ ಕಾಲು ಕೊಡುವಾಗ ನಾ ಹಳೇ ಚಪ್ಪಲಿ ತರುದಾ?"

ಅವನು ನಕ್ಕ. ಎರಡಕ್ಕೂ ಒಂದೇ ಕಾಲು ಹೊಂದುವುದಿಲ್ಲ, ಯಾವುದು ಬೇಕೋ ಹೇಳಿ ಎಂದ. ಸಾವಿತ್ರಿ ಚಪ್ಪಲಿಯನ್ನು ಒಮ್ಮೆ ನೋಡಿದಳು. "ಬರಿಗಾಲಿಗೇ ಮಾಡಿ. ಇದನ್ನ ನಾದಿನಿಗೆ ಕೊಡ್ತೆ. ಅವಳಿಗೆ ಎರಡೂ ಕಾಲಿದೆ, ಬಿದ್ರೆ ಎದ್ಕಳ್ತಾಳೆ." ಅವನು ಮತ್ತೆ ಸ್ಕ್ರೂ ಸಡಿಲಿಸಿ ಪಾದವನ್ನು ಸಮ ಮಾಡಿದ. ರಸ್ತೆಗೆ ಹಿಮ್ಮಡಿ ಎತ್ತರವಿಲ್ಲದ ಚಪ್ಪಲಿ ಹಾಕಿ ಎಂದ. ಈ ತಿದ್ದುವ ಕೆಲಸಕ್ಕೂ ವಿಮೆಯೇ ಕೊಡುತ್ತದೆ, ನೀವು ಹೇಳದಿದ್ದರೆ ನಮಗೆ ಗೊತ್ತಾಗುವುದು ಹೇಗೆ ಎಂದು ಮೇಜಿನ ಹುಡುಗಿ ಹೇಳಿದಳು. ಸಾವಿತ್ರಿ ನಿಂತುಕೊಂಡೇ ಸಹಿ ಮಾಡಿದಳು. ನಿಲ್ದಾಣದ ಬಳಿ ಅವಳಿಗೊಂದು ಜೊತೆ ಚಪ್ಪಟೆ ಚಪ್ಪಲಿ ಕೊಂಡು ಸಂಜೆಯ ಬಸ್ಸು ಹಿಡಿದೆವು. ಶಿರಸಿಯಲ್ಲಿ ಬಸ್ಸು ಬದಲಿಸಿ ಹೇರೂರಿಗೆ ಹೋದೆವು. ರಾತ್ರಿ ಅವಳ ಮನೆಯಲ್ಲೇ ಉಳಿದೆ.

ಶನಿವಾರ ಬೆಳಗಿನ ಶಾಲೆ. ಪ್ರಾರ್ಥನೆಗೆ ಮೊದಲೇ ಇಬ್ಬರೂ ಅಲ್ಲಿದ್ದೆವು. ಅಡುಗೆಮನೆಯ ಬಾಗಿಲಲ್ಲಿ ಸಾವಿತ್ರಿ ಚಪ್ಪಲಿ ಕಳಚಿ, ಒಂದು ಕ್ಷಣ ನಿಂತು, ಒಳಗೆ ಹೋದಳು. ಅವಳ ಜೊತೆಗಾರ್ತಿ ಪಾರ್ವತಿ ತರಕಾರಿ ಹೆಚ್ಚುತ್ತಿದ್ದವಳು ತಲೆ ಎತ್ತಿದಳು.

"ಬಂದ್ಯಾ? ಒಂದು ವರ್ಷ ನನ್ನೊಬ್ಬಳ ಹತ್ರ ಪಾತ್ರೆ ಎತ್ತಿಸಿದೆ. ಆ ಕಡೆ ಹಿಡಿ."

ಸಾವಿತ್ರಿ ಸೆರಗು ಸಿಕ್ಕಿಸಿಕೊಂಡು ಆ ಕಡೆ ಹಿಡಿದಳು. ನೀರು ತುಂಬಿದ ಪಾತ್ರೆ ನೆಲದಿಂದ ಎದ್ದು ಒಲೆಯ ಮೇಲೆ ಕೂತಿತು. ಒಂದು ಹನಿಯೂ ತುಳುಕಲಿಲ್ಲ.

ನನ್ನ ಬಸ್ಸಿಗೆ ಹೊತ್ತಾಗಿತ್ತು. ಹೋಗಿ ಬರುತ್ತೇನೆ ಎಂದು ಬಾಗಿಲಿನಿಂದ ಹೇಳಿದೆ. ಒಳಗೆ ಸಾರಿಗೆ ಉಪ್ಪು ಯಾವಾಗ ಹಾಕಬೇಕೆಂದು ಇಬ್ಬರೂ ಜಗಳ ಶುರು ಮಾಡಿದ್ದರು. ಯಾರೂ ನನ್ನ ಕಡೆ ತಿರುಗಲಿಲ್ಲ. ಗೇಟು ದಾಟುವಾಗ ಹಿಂದಿರುಗಿ ನೋಡಿದೆ. ಅಡುಗೆಮನೆಯಿಂದ ಹೊಗೆ ಏಳುತ್ತಿತ್ತು.