ಎಲೆಯ ಮೇಲಿನ ಸುಣ್ಣ

ಕಾಲು ಮುರಿದುಕೊಂಡು ಅತ್ತೆ ಮಂಚ ಹಿಡಿದ ಮೇಲೆ, ಮೀನಿನ ಗಾಜಿನ ತೊಟ್ಟಿಯನ್ನು ಅವರ ಕೋಣೆಗೆ ತಂದಿಟ್ಟೆವು. ಆರು ಸಣ್ಣ ಮೀನು, ನಾಲ್ಕು ಕಟ್ಟು ನೀರುಗಿಡ. "ಇವು ಇರಲಿಕ್ಕಂದ್ರ ದಿನಾ ಗ್ವಾಡಿ ನೋಡ್ಕೋತ ಮಕ್ಕೋಬೇಕಿತ್ತವಾ," ಎಂದು ಅತ್ತೆ ಎದುರಿನ ಗೋಡೆ ತೋರಿಸಿ ಹೇಳುತ್ತಿದ್ದರು.

ಒಂದು ದಿನ ಎಲೆಗಳ ಮೇಲೆ ಬಿಳಿ ಪೊರೆ ಕಂಡಿತು. ಕೆರೆದರೆ ಉಗುರಿಗೆ ಗರಗರ ಎಂದಿತು. ಶಹಾಬಾದಿನ ನಮ್ಮ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಸುಣ್ಣ ಕೂರುತ್ತದಲ್ಲ, ಅಂಥದ್ದೇ.

"ಎಲಿ ಅದ, ಸುಣ್ಣ ಅದ. ಅಡಿಕಿ ಒಂದು ಹಾಕಿಬಿಡು," ಎಂದರು ಅತ್ತೆ.

ವಾಡಿಯ ಮೀನಿನಂಗಡಿಯವರು ಫೋನಿನಲ್ಲಿ ಕಾರಣ ಹೇಳಿದರು: "ಗಿಡಕ್ಕ ಕಾರ್ಬನ್ ಡೈಆಕ್ಸೈಡ್ ಸಾಲವಲ್ದು ಅಕ್ಕಾರ. ನೀರಾಗ ಕರಗಿದ ಸುಣ್ಣದಾಗಿಂದ ಎಳ್ಕೊಂಡು, ಸುಣ್ಣ ಎಲಿ ಮ್ಯಾಲ ಬಿಟ್ಟದ."

ನಾನು ಕಾಲಡಿಯ ಹಾಸುಗಲ್ಲನ್ನೇ, ನಮ್ಮೂರಿನ ಸುಣ್ಣದಕಲ್ಲನ್ನೇ, ನೋಡುತ್ತ ನಿಂತೆ. ಇಂಥ ಕಲ್ಲು ನೀರಿನಲ್ಲಿ ಕರಗುತ್ತದೆ. ಬೆರಳಿನಷ್ಟೂ ಇಲ್ಲದ ಎಲೆ ಅದರಿಂದ ತನ್ನ ಊಟ ಬಿಡಿಸಿಕೊಳ್ಳುತ್ತದೆ!

ಅಂಗಡಿಯವರು ಹೇಳಿದಂತೆ ಬಾಟಲಿಯಲ್ಲಿ ಸಕ್ಕರೆ, ನೀರು, ಚಿಟಿಕೆ ಈಸ್ಟ್ ಹಾಕಿ, ಮುಚ್ಚಳದಿಂದ ಸಣ್ಣ ಪೈಪನ್ನು ತೊಟ್ಟಿಗೆ ಇಳಿಸಿದೆ. ಸಂಜೆಯ ಹೊತ್ತಿಗೆ ಪೈಪಿನ ತುದಿಯಲ್ಲಿ ಕಾರ್ಬನ್ ಡೈಆಕ್ಸೈಡಿನ ಗುಳ್ಳೆ, ಕೋಣೆಯಲ್ಲಿ ಹುಳಿ ವಾಸನೆ. ಅತ್ತೆ ಮೂಗು ಹಿಡಿದರು. "ಕಾನ್ವೆಂಟ್ ಸಾಲಿ ಕಲ್ತಾಕಿ ಮನ್ಯಾಗ ಸೇಂದಿ ಇಳಸಾಕತ್ತಾಳ!"

ಮರುದಿನ ಬೆಳಿಗ್ಗೆ ಅವರ ಕೂಗಿಗೆ ಹಿಟ್ಟಿನ ಕೈಯಲ್ಲೇ ಓಡಿದೆ. ಆರೂ ಮೀನು ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು.

"ಉಸಿರು ಕಟ್ಟ್ಯದ ಅವಕ್ಕ! ಪೈಪ್ ತಗಿ ಮೊದಲ! ಚಾ ಆರಸ್ತೀಯಲ್ಲ, ಹಂಗ ಎತ್ತಿ ಎತ್ತಿ ಸುರಿ!"

ಪೈಪು ಕಿತ್ತು, ಕೈ ತೊಳೆದು, ತೊಟ್ಟಿಯ ನೀರನ್ನೇ ಚೊಂಬಿನಲ್ಲಿ ತೋಡಿ ಎತ್ತರದಿಂದ ಸುರಿದೆ. ಎಷ್ಟು ಸಲವೋ. ತೋಳು ನೋಯುವ ಹೊತ್ತಿಗೆ ಒಂದು ಮೀನು ಬಾಲ ಆಡಿಸಿ ಕೆಳಗಿಳಿಯಿತು. ಅತ್ತೆ ಬೆರಳು ಮಡಿಚುತ್ತ ಎಣಿಸಿದರು, ಆರರವರೆಗೆ.

ತಪ್ಪು ನನ್ನದೇ, ರಾತ್ರಿ ಪೈಪು ತೆಗೆದಿರಲಿಲ್ಲ. ಬೆಳಕಿಲ್ಲದಾಗ ಎಲೆ ಆ ಅನಿಲವನ್ನು ಉಣ್ಣುವುದಿಲ್ಲ. ರಾತ್ರಿಯಿಡೀ ಅದು ನೀರಿನಲ್ಲೇ ತುಂಬಿಕೊಂಡಿತ್ತು. ಶಾಲೆಯಲ್ಲಿ ಸಿಸ್ಟರ್ ಇದನ್ನು ಬರೆಸಿದ್ದರು. ಬಾಯಿಪಾಠ ಮಾಡಿ ಅಂಕವನ್ನೂ ಪಡೆದಿದ್ದೆ. ಕಣ್ಣಾರೆ ಕಂಡಿರಲಿಲ್ಲ, ಅಷ್ಟೆ.

ಅಂದಿನಿಂದ ತೊಟ್ಟಿಯ ದೀಪ ಹಚ್ಚಿದಾಗ ಪೈಪು ಒಳಗೆ, ಆರಿಸುವ ಮುಂಚೆಯೇ ಹೊರಗೆ. ನೆನಪಿಸುವ ಕೆಲಸ ಅತ್ತೆಯದು.

ಕೆಲವು ವಾರಗಳಲ್ಲಿ ಸುಣ್ಣವಿಲ್ಲದ ಚಿಗುರು ಬಂತು. ಒಂದು ಮಧ್ಯಾಹ್ನ ಅದರ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲಾಗಿ ಕೂತಿದ್ದವು. ಪೈಪಿನವಲ್ಲ; ಎಲೆಯೇ ಬಿಟ್ಟ ಆಮ್ಲಜನಕ. ಒಂದೊಂದೇ ಕಳಚಿಕೊಂಡು ಮೇಲೇರುತ್ತಿದ್ದವು, ಮೀನುಗಳು ಅವುಗಳ ನಡುವೆ ಹಾಯುತ್ತಿದ್ದವು. ಒಳಗಿಂದ ಬೇಳೆ ಸೀದ ವಾಸನೆ ಬಂದರೂ ನನಗೆ ಏಳಲಾಗಲಿಲ್ಲ.

"ಮೀನಿಗಿ ಉಸಿರು ಎಲಿ ಕೊಡಾಕತ್ತದೇನು?" ಅತ್ತೆ ಮೆಲ್ಲಗೆ ಕೇಳಿದರು.

"ಹೌದ್ರಿ ಅತ್ತಿ."

ಅತ್ತೆ ಗಾಜಿನಿಂದ ಕಣ್ಣು ಕೀಳದೆಯೇ, "ಸಂಜಿಕ ಪೈಪ್ ತಗ್ಯಾದು ಮರೀಬ್ಯಾಡ ಮತ್ತ," ಎಂದರು.